ಪಡಸಾಲೆಗೆ ಎಷ್ಟು ಇಂಚಿನ ಟಿ.ವಿ. ಬೇಕು?

ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕುಲಗೋಡದಿಂದ ಒಬ್ಬ ರೈತರು ತಮ್ಮ ತಂದೆಯನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದಿದ್ದರು. ಬಂದದ್ದು ಮೊಣಕಾಲು ನೋವಿಗೆ. ಔಷಧಿ ಬರೆಸಿಕೊಂಡು ಎದ್ದವರು ಬಾಗಿಲ ಹತ್ತಿರ ಹೋಗಿ ಮತ್ತೆ ತಿರುಗಿ ನಿಂತರು. "ಡಾಕ್ಟರ್ರ, ಅಪ್ಪಗ ಟಿ.ವಿ. ಸರಿ ಕಾಣವಲ್ದು. ಕಬ್ಬಿನ ಬಿಲ್ಲು ಬಂದೈತಿ. ದೊಡ್ಡದೊಂದು ತರಬೇಕಂತ ಮಾಡೇವಿ. ಎಷ್ಟು ಇಂಚಿಂದು ತಗೊಂಡ್ರ ಕಣ್ಣಿಗೆ ಚಲೋ?" ಎಂದು ಕೇಳಿದರು.

ಅಂಗಡಿಯವನನ್ನು ಕೇಳುವ ಪ್ರಶ್ನೆಯನ್ನು ವೈದ್ಯನನ್ನು ಕೇಳಿದರಲ್ಲ ಎಂದು ನನಗೆ ಸಂತೋಷವೇ ಆಯಿತು. ನಾನು ತಿರುಗಿ ಮೂರು ಪ್ರಶ್ನೆ ಕೇಳಿದೆ. ನಿಮ್ಮ ಪಡಸಾಲೆ ಎಷ್ಟು ಉದ್ದವಿದೆ? ಮನೆಮಂದಿ ಎಲ್ಲೆಲ್ಲಿ ಕುಳಿತು ನೋಡುತ್ತಾರೆ? ಅಜ್ಜನಿಗೆ ಯಾವ ಕಣ್ಣಿನಿಂದ ಕಾಣುವುದಿಲ್ಲ? ಮೂರಕ್ಕೂ ಅವರಲ್ಲಿ ಉತ್ತರವಿರಲಿಲ್ಲ. ಇಂಚು ಮಾತ್ರ ಬಾಯಿಪಾಠವಾಗಿತ್ತು: ನಲವತ್ಮೂರು, ಐವತ್ತೈದು, ಅರವತ್ತೈದು. ನಮ್ಮ ಬಹಳಷ್ಟು ಮನೆಗಳ ಪರಿಸ್ಥಿತಿ ಹೀಗೆಯೇ ಇರುವುದರಿಂದ ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ.

ದೊಡ್ಡ ಚಿತ್ರದ ಆಸೆ ಹೊಸದೇನಲ್ಲ. ಕುಲಗೋಡವೆಂದರೆ ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು. ಪಕ್ಕದ ಕೌಜಲಗಿಯ ನಿಂಗಮ್ಮನ ಹೆಸರು ಆ ಆಟದೊಂದಿಗೇ ಬೆಸೆದುಕೊಂಡಿದೆ. ಅಂಥ ಸೀಮೆಯ ಜನ ಬೆಳಗಿನ ತನಕ ಬಯಲಲ್ಲಿ ಕುಳಿತು ಆಟ ನೋಡಿದವರು. ಅಲ್ಲಿ ಪಾತ್ರಧಾರಿ ಮನುಷ್ಯನಷ್ಟೇ ಎತ್ತರ, ಕೂಡ್ರುವವನು ತನಗೆ ಬೇಕಾದಷ್ಟು ದೂರ. ಹತ್ತಿರ ಕಾಣದಿದ್ದರೆ ಹಿಂದೆ ಸರಿಯುತ್ತಿದ್ದರು, ದೂರ ಕಾಣದಿದ್ದರೆ ಮುಂದೆ ಬರುತ್ತಿದ್ದರು. ಟಿ.ವಿ. ಬಂದ ಮೇಲೆ ಸತ್ಯಭಾಮೆ ಅಂಗೈ ಅಗಲವಾದಳು, ಕೂಡ್ರುವ ಜಾಗವನ್ನು ಗೋಡೆಗಳು ನಿರ್ಧರಿಸಿದವು. ತೊಂದರೆ ಶುರುವಾದದ್ದು ಅಲ್ಲಿಂದ.

1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗ ದೇಶದ ಆರು ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ಸಿಕ್ಕಿತು, ನಮ್ಮ ಬೆಳಗಾವಿ ಜಿಲ್ಲೆಗೆ ಸಿಗಲಿಲ್ಲ. ಊರಿಗೊಂದೇ ಪೆಟ್ಟಿಗೆ, ಮುಂದೆ ಊರೆಲ್ಲ ಜನ. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂತು. 1987ರಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹಿಂದೆ ಕುಳಿತವರಿಗೂ ಕಾಣಬೇಕಾದರೆ ಚಿತ್ರ ದೊಡ್ಡದಾಗಬೇಕು ಎಂಬ ಆಸೆ ಆಗ ಎಲ್ಲರಿಗೂ ಬಂದದ್ದು ಸಹಜ.

ಆ ಆಸೆಗೆ 1990ರ ದಶಕದಲ್ಲಿ ಸಿಕ್ಕ ಉತ್ತರವೇ ಹಿಂಬದಿಯಿಂದ ಬಿಂಬ ಬೀಳಿಸುವ ಟಿ.ವಿ., ಅಂದರೆ ರಿಯರ್ ಪ್ರೊಜೆಕ್ಷನ್ ಟಿ.ವಿ. ನೋಡಲು ಗೋದ್ರೇಜ್ ಕಪಾಟಿನ ತಮ್ಮನಂತಿತ್ತು. ಒಳಗೆ ಕೆಂಪು, ಹಸಿರು, ನೀಲಿ ಎಂದು ಮೂರು ಸಣ್ಣ ಚಿತ್ರನಳಿಗೆಗಳು, ಅವುಗಳ ಮುಂದೆ ಮಸೂರಗಳು, ಹಿಂದೆ ಓರೆಯಾಗಿ ನಿಲ್ಲಿಸಿದ ದೊಡ್ಡ ಕನ್ನಡಿ. ಮೂರೂ ಬಣ್ಣದ ಬೆಳಕು ಕನ್ನಡಿಗೆ ಬಡಿದು ಮುಂದಿನ ಪರದೆಯ ಮೇಲೆ ಒಂದಾಗಿ ಬೀಳುತ್ತಿತ್ತು. ಸಿನಿಮಾ ಮಂದಿರದಲ್ಲಿ ಬೆಳಕು ಪರದೆಯ ಮುಂಭಾಗಕ್ಕೆ ಬಂದು ಬಡಿಯುತ್ತದೆ, ಇಲ್ಲಿ ಹಿಂಭಾಗಕ್ಕೆ. ಅಷ್ಟೇ ವ್ಯತ್ಯಾಸ. ನಗರದ ಶ್ರೀಮಂತರ ಬಂಗಲೆ, ಹೋಟೆಲು, ಕ್ಲಬ್ಬುಗಳಲ್ಲಿ ಅದು ಮೆರೆಯಿತು.

ಈಗ ಯಾರೂ ಅದನ್ನು ಹೊಸದಾಗಿ ತಯಾರಿಸುವುದಿಲ್ಲ. ತೆಳ್ಳಗಿನ ಟಿ.ವಿ.ಗಳು ಅಗ್ಗವಾದಂತೆ ಸೋನಿ ಕಂಪನಿ 2007ರ ಕೊನೆಗೆ ಆ ತಯಾರಿಕೆಯಿಂದ ಹಿಂದೆ ಸರಿಯುವ ತೀರ್ಮಾನ ಮಾಡಿತು. ಕೊನೆಯ ತನಕ ಹಟ ಹಿಡಿದಿದ್ದ ಮಿತ್ಸುಬಿಷಿಯೂ 2012ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಸತ್ತ ಕುದುರೆಯ ಹಲ್ಲು ಎಣಿಸುವುದೇಕೆ ಎನ್ನುತ್ತೀರಾ? ಅದು ಸೋತ ಕಾರಣಗಳಲ್ಲಿ ಇಂದು ಟಿ.ವಿ. ಆರಿಸುವವರಿಗೆ ಬೇಕಾದ ಪಾಠವೆಲ್ಲ ಇದೆ.

ಮೊದಲನೆಯದು ಕೂಡ್ರುವ ಜಾಗದ ವಿಷಯ. ಆ ಪರದೆಯನ್ನು ರೂಪಿಸಿದವರು ನೋಡುವವರೆಲ್ಲ ಸೋಫಾದ ಮೇಲೆ, ಪರದೆಗೆ ನೇರವಾಗಿ, ಒಂದೇ ಎತ್ತರದಲ್ಲಿ ಕೂಡ್ರುತ್ತಾರೆಂದು ತಿಳಿದಿದ್ದರು. ಬೆಳಕನ್ನೆಲ್ಲ ಆ ಎತ್ತರಕ್ಕೇ ಒಟ್ಟುಮಾಡಿ ಕಳಿಸುತ್ತಿದ್ದರು. ಎದ್ದು ನಿಂತರೆ ಚಿತ್ರ ಮಬ್ಬು, ನೆಲಕ್ಕೆ ಕುಳಿತರೂ ಮಬ್ಬು. ಈಗ ನಮ್ಮ ಮನೆಯನ್ನು ನೆನೆಸಿಕೊಳ್ಳಿ. ಅಜ್ಜ ಹೊರಸಿನ ಮೇಲೆ, ಮೊಮ್ಮಕ್ಕಳು ಚಾಪೆಯ ಮೇಲೆ ಮೂಗು ಪರದೆಗೆ ತಾಗುವಂತೆ, ಯಜಮಾನ ಕುರ್ಚಿಯ ಮೇಲೆ, ಸೊಸೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು, ಅದೂ ಒಂದು ಪಕ್ಕದಿಂದ. ಲಕ್ಷ ಕೊಟ್ಟು ತಂದ ಪೆಟ್ಟಿಗೆ ಇವರಲ್ಲಿ ಒಬ್ಬರಿಗೆ ಮಾತ್ರ ಸರಿಯಾಗಿ ಕಾಣುತ್ತಿತ್ತು. ಅದು ಯಾರಿಗೆಂದು ಹೇಳಬೇಕಾಗಿಲ್ಲ.

ಇಂದಿನ ಎಲ್.ಇ.ಡಿ. ಟಿ.ವಿ.ಗಳಲ್ಲಿಯೂ ಈ ದೋಷ ಪೂರ್ಣ ಹೋಗಿಲ್ಲ. ಕೆಲವು ಜಾತಿಯ ಪರದೆಗಳು ಎದುರಿನಿಂದ ನೋಡಿದರೆ ಕಪ್ಪು ಕಪ್ಪಾಗಿ ಸುಂದರ, ಪಕ್ಕಕ್ಕೆ ಸರಿದರೆ ಬಣ್ಣ ತೊಳೆದಂತೆ. ಇನ್ನು ಕೆಲವು ಪಕ್ಕದಿಂದಲೂ ಚೆನ್ನಾಗಿ ಕಾಣುತ್ತವೆ, ಆದರೆ ಕತ್ತಲೆ ಕೋಣೆಯಲ್ಲಿ ಅವುಗಳ ಕಪ್ಪು ಬೂದಿಯಂತಿರುತ್ತದೆ. ಅಂಗಡಿಗೆ ಹೋದಾಗ ಎದುರಿಗೆ ನಿಂತು ತಲೆದೂಗಬೇಡಿ. ನಿಮ್ಮ ಅಡುಗೆಮನೆಯ ಬಾಗಿಲು ಯಾವ ಮೂಲೆಯಲ್ಲಿ ಬರುತ್ತದೋ ಆ ಮೂಲೆಗೆ ಹೋಗಿ ನೋಡಿ. ನಾಚಿಕೆ ಬಿಟ್ಟು ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತೂ ನೋಡಿ. ದುಡ್ಡು ನಿಮ್ಮದು.

ಎರಡನೆಯದು ದೂರ. ಹಳೆಯ ದೂರದರ್ಶನದ ಚಿತ್ರ 625 ಗೆರೆಗಳದ್ದು. ಗೆರೆಗಳು ಕಣ್ಣಿಗೆ ಬೀಳದೆ ಚಿತ್ರ ಹಿತವಾಗಿ ಕಾಣಬೇಕಾದರೆ ಚಿತ್ರದ ಎತ್ತರದ ಸುಮಾರು ಆರು ಪಟ್ಟು ದೂರ ಕೂಡ್ರಬೇಕೆಂಬುದು ಆಗಿನ ಲೆಕ್ಕ. 21 ಇಂಚಿನ ಪೆಟ್ಟಿಗೆಗೆ ಇದು ಆರು ಅಡಿಗಿಂತ ಸ್ವಲ್ಪ ಹೆಚ್ಚು, ಎಲ್ಲರ ಮನೆಯಲ್ಲೂ ಸಿಗುವಷ್ಟು. ಐವತ್ತು ಇಂಚಿನ ರಿಯರ್ ಪ್ರೊಜೆಕ್ಷನ್ ಪೆಟ್ಟಿಗೆಯ ಚಿತ್ರದ ಎತ್ತರ ಎರಡೂವರೆ ಅಡಿ. ಆರು ಪಟ್ಟು ಎಂದರೆ ಹದಿನೈದು ಅಡಿ! ಪೆಟ್ಟಿಗೆಯೇ ಎರಡು ಅಡಿ ಜಾಗ ನುಂಗಿದ ಮೇಲೆ ಹದಿನೈದು ಅಡಿ ಉಳಿಯುವ ಪಡಸಾಲೆ ವಾಡೆಗಳಲ್ಲಿ ಇರಬಹುದು, ನಮ್ಮ ನಿಮ್ಮ ಮನೆಗಳಲ್ಲಿ ಇಲ್ಲ.

ಈಗ ಚಿತ್ರದ ಗೆರೆಗಳು ಹೆಚ್ಚಾಗಿವೆ, ಹತ್ತಿರ ಕುಳಿತರೂ ಚಿತ್ರ ಒಡೆಯುವುದಿಲ್ಲ. ಆದರೂ ಕಣ್ಣು ಮತ್ತು ಕುತ್ತಿಗೆ ಅವೇ ಹಳೆಯವು. ನಾನು ಹೇಳುವ ಲೆಕ್ಕ ಸರಳ. ನಿಮ್ಮ ಕಣ್ಣಿನಿಂದ ಟಿ.ವಿ. ಗೋಡೆಯ ತನಕ ಟೇಪು ಹಿಡಿದು ಇಂಚಿನಲ್ಲಿ ಅಳೆಯಿರಿ, ಅದನ್ನು ಅರ್ಧ ಮಾಡಿ. ಎಂಟು ಅಡಿ ಎಂದರೆ 96 ಇಂಚು, ಅರ್ಧ 48. ಅಲ್ಲಿಗೆ 43 ಅಥವಾ 50 ಇಂಚಿನ ಟಿ.ವಿ. ಸಾಕು. ಸಿನಿಮಾ ಹುಚ್ಚಿದ್ದವರು 55ರ ತನಕ ಹೋಗಲಿ. ಅದಕ್ಕೆ ಏಳೂಕಾಲು ಅಡಿ ದೂರವಿದ್ದರೆ ಸಿನಿಮಾ ನೋಡಿದ ಅನುಭವ ಬರುತ್ತದೆಂದು ಆ ಶಾಸ್ತ್ರ ಬಲ್ಲವರ ಲೆಕ್ಕ. ಆದರೆ ಆರು ಅಡಿಯ ಕೋಣೆಯಲ್ಲಿ 65 ಇಂಚು ತಂದು ಜಡಿದರೆ ಕ್ರಿಕೆಟ್ ಚೆಂಡಿನ ಹಿಂದೆ ಕತ್ತು ತಿರುಗಿಸುತ್ತಾ ಕೂಡ್ರಬೇಕು. ಕೆಲವರಿಗೆ ತಲೆ ಸುತ್ತುವುದೂ ಉಂಟು.

ಇನ್ನು ಎತ್ತರ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಯಾವ ಮನೆಗೆ ಹೋದರೂ ಟಿ.ವಿ. ದೇವರ ಪಟದ ಪಕ್ಕದಲ್ಲಿ, ತೊಲೆಗೆ ತಾಗುವಂತೆ ನೇತಾಡುತ್ತಿರುತ್ತದೆ. ಮಕ್ಕಳ ಕೈಗೆ ಸಿಗಬಾರದೆಂಬ ಕಾರಣ ಕೊಡುತ್ತಾರೆ. ಮೇಲಕ್ಕೆ ನೋಡುವಾಗ ರೆಪ್ಪೆ ಅಗಲವಾಗಿ ತೆರೆದಿರುತ್ತದೆ, ಕಣ್ಣಿನ ತೇವ ಬೇಗ ಆರುತ್ತದೆ. ತದೇಕಚಿತ್ತದಿಂದ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಅದು ಬೇರೆ ಕೂಡಿಕೊಳ್ಳುತ್ತದೆ. ಸಂಜೆ ಕಣ್ಣುರಿ, ಕಣ್ಣಲ್ಲಿ ಉಸುಕು ಬಿದ್ದಂತೆ ಎಂದು ಬರುವ ಗೃಹಿಣಿಯರಿಗೆ ಔಷಧಿಯ ಹನಿ ಬರೆಯುವ ಮೊದಲು ನಾನು ಟಿ.ವಿ. ಎಲ್ಲಿದೆ ಎಂದು ಕೇಳುತ್ತೇನೆ. ಕುಳಿತಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಅಥವಾ ಮೇಲಿನ ಅರ್ಧ ಬರಬೇಕು. ಕುತ್ತಿಗೆಯ ಎಲುಬು ಸವೆದವರಿಗಂತೂ ಇದು ಔಷಧಿಯಷ್ಟೇ ಮುಖ್ಯ. ಹಾಗೆಂದು ತೆಳ್ಳಗಿನ ಟಿ.ವಿ.ಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಬಿಡಬೇಡಿ. ಅಂಬೆಗಾಲಿಡುವ ಮಗು ಜಗ್ಗಿದರೆ ಮೈಮೇಲೆ ಬೀಳುತ್ತದೆ. ಗೋಡೆಗೆ ಬಿಗಿದು, ಆದರೆ ಕೆಳಗೆ ಬಿಗಿಯಿರಿ.

ಕೋಣೆಯ ಬೆಳಕನ್ನು ಪೂರ್ತಿ ಆರಿಸಿ ನೋಡುವುದು ಒಳ್ಳೆಯದಲ್ಲ. ಟಿ.ವಿ.ಯ ಹಿಂದಿನ ಗೋಡೆಗೆ ಸಣ್ಣ ದೀಪವಿರಲಿ. ಎದುರಿನ ಕಿಟಕಿಯ ಬಿಸಿಲು ಪರದೆಯಲ್ಲಿ ಹೊಳೆಯದಂತೆ ಪರದೆಯ ದಿಕ್ಕು ಆರಿಸಿ. ಮಿನುಗುವ ಚಿತ್ರಗಳ ಬಗ್ಗೆ ಒಂದು ಮಾತು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಎಂಬ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ರಭಸದಿಂದ ಮಿನುಗಿತು. ಅದನ್ನು ನೋಡುತ್ತಿದ್ದ ಸುಮಾರು 685 ಜನರನ್ನು, ಹೆಚ್ಚಿನವರು ಮಕ್ಕಳೇ, ಆಸ್ಪತ್ರೆಗೆ ಒಯ್ಯಬೇಕಾಯಿತು. ಮೂರ್ಛೆರೋಗವಿರುವ ಮಗು ಮನೆಯಲ್ಲಿದ್ದರೆ ದೊಡ್ಡ ಪರದೆ, ಕತ್ತಲೆ ಕೋಣೆ, ಹತ್ತಿರದ ಆಸನ ಈ ಮೂರೂ ಒಟ್ಟಿಗೆ ಬೇಡ.

ಕ್ಷ-ಕಿರಣದ ಭಯ ಈಗಲೂ ಹಿರಿಯರಲ್ಲಿದೆ. "ಟಿ.ವಿ. ಹತ್ತಿರ ಕೂಡ್ರಬ್ಯಾಡ, ಕಿರಣ ಬಡೀತಾವ" ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. 1967ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಕಂಪನಿಯ ಬಣ್ಣದ ಟಿ.ವಿ.ಗಳಿಂದ ತಯಾರಿಕೆಯ ದೋಷದ ಕಾರಣ ಮಿತಿಮೀರಿ ಕ್ಷ-ಕಿರಣ ಸೋರುತ್ತಿತ್ತು. ಸುಮಾರು 90,000 ಪೆಟ್ಟಿಗೆಗಳನ್ನು ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು, ಮರುವರ್ಷ ಕಾನೂನೇ ಬಂತು. ಆ ಕಿರಣ ಹುಟ್ಟುತ್ತಿದ್ದುದು ಹೆಚ್ಚು ಒತ್ತಡದ ವಿದ್ಯುತ್ತಿನಿಂದ ನಡೆಯುವ ಗಾಜಿನ ನಳಿಗೆಗಳಲ್ಲಿ. ಇಂದಿನ ತೆಳ್ಳಗಿನ ಟಿ.ವಿ.ಯಲ್ಲಿ ನಳಿಗೆಯೇ ಇಲ್ಲ. ಆ ಭಯವನ್ನು ಬಿಟ್ಟುಬಿಡಿ.

ಹಳೆಯ ರಿಯರ್ ಪ್ರೊಜೆಕ್ಷನ್ ಪೆಟ್ಟಿಗೆಯನ್ನು ಮಾತ್ರ ಯಾರಾದರೂ ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ. ನಳಿಗೆಯ ಪೆಟ್ಟಿಗೆಗಳಲ್ಲಿ ಶಾಖ ಆರಿಸಲು ಎಥಿಲೀನ್ ಗ್ಲೈಕಾಲ್ ಎಂಬ ದ್ರವ ತುಂಬಿರುತ್ತಿದ್ದರು. ಹಳತಾದಂತೆ ಅದು ಸೋರುತ್ತದೆ. ರುಚಿಗೆ ಸಿಹಿ, ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡಿಸುವ ವಿಷ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಗೆ ಅದು ಸಲ್ಲದು. ಆಮೇಲೆ ಬಂದ ದೀಪದ ಪೆಟ್ಟಿಗೆಗಳಲ್ಲಿ ಪಾದರಸವಿರುವ ದೀಪ. ಟಿ.ವಿ. ಆರಿಸಿದ ಮೇಲೂ ಒಳಗಿನ ಫ್ಯಾನು ಸ್ವಲ್ಪ ಹೊತ್ತು ತಿರುಗಿ ದೀಪವನ್ನು ತಣ್ಣಗೆ ಮಾಡಬೇಕು. ಕರೆಂಟು ಹೇಳದೆ ಕೇಳದೆ ಹೋಗುವ ನಮ್ಮ ಊರುಗಳಲ್ಲಿ ಆ ದೀಪ ಬಾಳುವ ಮಾತೇ ಇಲ್ಲ. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ಬಾಗಿಲು ತೆರೆಯಬೇಕು, ಚೂರುಗಳನ್ನು ಕಸಬರಿಗೆಯಿಂದ ಗುಡಿಸಬಾರದು.

ಅದರ ವಂಶ ಪೂರ್ತಿ ನಶಿಸಿಲ್ಲ. ಗೋಡೆಯ ಬುಡದಲ್ಲಿ ಪೆಟ್ಟಿಗೆಯಿಟ್ಟು ಮೇಲಕ್ಕೆ ಚಿತ್ರ ಚೆಲ್ಲುವ ಲೇಸರ್ ಪ್ರೊಜೆಕ್ಟರ್‌ಗಳು ಈಗ ಮಾರಾಟದಲ್ಲಿವೆ, ಕೆಲವರು ಅವನ್ನೇ ಲೇಸರ್ ಟಿ.ವಿ. ಎನ್ನುತ್ತಾರೆ. ಪರದೆಯಿಂದ ಮರಳಿ ಬಂದ ಬೆಳಕು ಕಣ್ಣಿಗೆ ಮೃದು, ಅದು ನಿಜ. ಆದರೆ ಪೆಟ್ಟಿಗೆ ನೆಲಕ್ಕೆ ಹತ್ತಿರ, ನಮ್ಮ ಮಕ್ಕಳೂ ನೆಲಕ್ಕೆ ಹತ್ತಿರ. ಬಗ್ಗಿ ಅದರ ಕಿಂಡಿಯೊಳಗೆ ಇಣುಕಿದರೆ ಪ್ರಖರ ಬೆಳಕು ನೇರ ಕಣ್ಣಿಗೆ. ಯಾರಾದರೂ ಹತ್ತಿರ ಬಂದೊಡನೆ ಬೆಳಕು ಕುಗ್ಗಿಸುವ ವ್ಯವಸ್ಥೆ ಹಲವು ಪೆಟ್ಟಿಗೆಗಳಲ್ಲಿದೆ. ಸಣ್ಣ ಮಕ್ಕಳಿರುವ ಮನೆಯವರು ಅದಿಲ್ಲದ್ದನ್ನು ಮುಟ್ಟಬಾರದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಆಶ್ಚರ್ಯವಾದೀತು. ಹಿಂದೆ ನಾವು ವೈದ್ಯರು ಟಿ.ವಿ.ಯನ್ನು ಬೈಯುತ್ತಿದ್ದೆವು. ಈಗ ನಾನು ಅಷ್ಟು ಬೈಯುವುದಿಲ್ಲ. ಎಂಟು ಅಡಿ ದೂರದ ಟಿ.ವಿ.ಗಿಂತ ಮಗುವಿನ ಮೂಗಿನಿಂದ ಒಂಬತ್ತು ಇಂಚು ದೂರದ ಮೊಬೈಲು ಕಣ್ಣಿಗೆ ಹೆಚ್ಚು ದುಡಿತ. ಹತ್ತಿರದ್ದನ್ನು ಗಂಟೆಗಟ್ಟಲೆ ನೋಡುವಾಗ ಕಣ್ಣಿನೊಳಗಿನ ಸ್ನಾಯು ಬಿಗಿಹಿಡಿದೇ ಇರಬೇಕಾಗುತ್ತದೆ. ನೋಡಲೇಬೇಕೆಂದರೆ ಎಲ್ಲರೂ ಕೂಡಿ ಪಡಸಾಲೆಯಲ್ಲಿ ನೋಡಿ, ಕೈಯಲ್ಲಿನ ಮೊಬೈಲು ಕಪಾಟಿಗೆ ಹೋಗಲಿ. ಎರಡು ವರ್ಷದೊಳಗಿನ ಕೂಸಿಗೆ ಎರಡೂ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮತ್ತು ಮಕ್ಕಳನ್ನು ಬಿಸಿಲಿಗೆ ಅಟ್ಟಿ. ಚೀನದ ಗುವಾಂಗ್‌ಝೌ ನಗರದಲ್ಲಿ ಕೆಲವು ಶಾಲೆಗಳ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಲ್ಲಿ ಕಳೆಯುವಂತೆ ಮಾಡಿದರು. ಮೂರು ವರ್ಷಗಳಲ್ಲಿ ಆ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿ ದೋಷ ಬಂತು, ಉಳಿದ ಶಾಲೆಗಳಲ್ಲಿ ಸುಮಾರು 40 ಮಂದಿಗೆ. 2015ರಲ್ಲಿ ಪ್ರಕಟವಾದ ಅಧ್ಯಯನವಿದು. ಬಯಲಿಗೇನು ಕುಲಗೋಡದಲ್ಲಿ ಬರವೇ?

ಈಗ ಮೊದಲಿನ ಮಾತಿಗೆ ಬರುತ್ತೇನೆ. ಮಗು ಟಿ.ವಿ. ಹತ್ತಿರ ಹೋಗಿ ಕುಳಿತರೆ "ಕಣ್ಣು ಕೆಡತಾವ, ಹಿಂದ ಸರಿ" ಎಂದು ಗದರಿಸುತ್ತೇವೆ. ಹತ್ತಿರ ಕುಳಿತದ್ದರಿಂದ ಕಣ್ಣು ಕೆಟ್ಟಿರುವುದಿಲ್ಲ. ದೂರದ್ದು ಕಾಣದಿರುವುದರಿಂದ ಅದು ಹತ್ತಿರ ಹೋಗಿರುತ್ತದೆ. ಶಾಲೆಯ ಕರಿಹಲಗೆಯೂ ಅದಕ್ಕೆ ಕಾಣುತ್ತಿರುವುದಿಲ್ಲ, ಮಾಸ್ತರರು ದಡ್ಡನೆಂದು ಬರೆದುಕೊಂಡಿರುತ್ತಾರೆ. ನಿಮ್ಮ ಮನೆಯ ಟಿ.ವಿ.ಯನ್ನೇ ಪರೀಕ್ಷೆಗೆ ಬಳಸಿಕೊಳ್ಳಿ. ಮಾಮೂಲು ಜಾಗದಲ್ಲಿ ಕೂಡ್ರಿಸಿ, ಪರದೆಯ ಕೆಳಗೆ ಓಡುವ ಸುದ್ದಿಯ ಸಾಲನ್ನು ಒಂದು ಕಣ್ಣು ಮುಚ್ಚಿ ಓದಿಸಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿಸಿ. ಅಂಗೈಯಿಂದ ಮುಚ್ಚಬೇಕು, ಬೆರಳ ಸಂದಿಯಿಂದ ಇಣುಕಬಾರದು. ಅಕ್ಷರ ಬಾರದ ಮಗುವಾದರೆ ಚಿತ್ರದಲ್ಲಿ ಏನಿದೆ ಎಂದು ಕೇಳಿ. ಎರಡೂ ಕಣ್ಣು ತೆರೆದಾಗ ಒಂದು ಕಣ್ಣಿನ ಕುರುಡನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಸೋಮಾರಿ ಕಣ್ಣು ಎಂದು ಕರೆಯುವ ದೋಷ ಹೀಗೆಯೇ ತಪ್ಪಿಸಿಕೊಂಡು ಉಳಿಯುತ್ತದೆ. ಏಳೆಂಟು ವರ್ಷದೊಳಗೆ ಕಂಡುಹಿಡಿದರೆ ಚೆನ್ನಾಗಿ ಸುಧಾರಿಸುತ್ತದೆ, ತಡವಾದಷ್ಟೂ ಕಷ್ಟ.

ಹಿರಿಯರಿಗೂ ಇದೇ ಪರೀಕ್ಷೆ. ಬಣ್ಣ ಪೇಲವ, ಬೆಳಕು ಹೆಚ್ಚಿಸು ಎಂದು ಪದೇ ಪದೇ ಹೇಳುತ್ತಿದ್ದರೆ, ರಾತ್ರಿ ಗಾಡಿಯ ದೀಪ ಕಣ್ಣಿಗೆ ಚುಚ್ಚುತ್ತದೆ ಎನ್ನುತ್ತಿದ್ದರೆ ಮೊದಲು ನೆನಪಾಗಬೇಕಾದದ್ದು ಕಣ್ಣಿನ ಪೊರೆ. ಟಿ.ವಿ.ಯ ನೆಟ್ಟಗಿನ ಅಂಚು ಒಂದು ಕಣ್ಣಿಗೆ ಡೊಂಕಾಗಿ ಕಂಡರೆ ಅದು ಕಣ್ಣಿನ ಹಿಂಪರದೆಯ ರೋಗ, ಒಂದು ವಾರವೂ ತಡಮಾಡಬೇಡಿ. ಸಕ್ಕರೆ ಕಾಯಿಲೆಯವರು ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಹಿಂಪರದೆ ತೋರಿಸಲೇಬೇಕು. ಗ್ಲಾಕೋಮಾ ಮಾತ್ರ ಈ ಮನೆಪರೀಕ್ಷೆಗೆ ಸಿಗುವುದಿಲ್ಲ. ಅದು ಪಕ್ಕದ ನೋಟವನ್ನು ತಿಂದುಕೊಂಡು ಬರುತ್ತದೆ, ಎದುರಿನ ಟಿ.ವಿ. ಕೊನೆಯ ತನಕ ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ. ಆದುದರಿಂದ ನಲವತ್ತು ದಾಟಿದವರು ಕಣ್ಣಿನ ಒತ್ತಡ ನೋಡಿಸಿಕೊಳ್ಳಬೇಕು.

ಕುಲಗೋಡದ ಆ ಅಜ್ಜನನ್ನು ಕುರ್ಚಿಗೆ ವಾಪಸು ಕೂಡ್ರಿಸಿ ಬ್ಯಾಟರಿ ಹಿಡಿದು ನೋಡಿದೆ. ಬಲಗಣ್ಣಿನ ಪಾಪೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು, ಎಡಗಣ್ಣಿನಲ್ಲಿ ಅರ್ಧ ಬಲಿತ ಪೊರೆ. ಅವರ ಮುಂದೆ ನೂರು ಇಂಚಿನ ಪರದೆ ಕಟ್ಟಿದರೂ ಮಂಜೇ ಕಾಣುತ್ತಿತ್ತು. ಮಗನಿಗೆ ಹೇಳಿದೆ: ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆದಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆಯ ಶಸ್ತ್ರಕ್ರಿಯೆ ಉಚಿತ, ಒಳಗೆ ಕೂಡ್ರಿಸುವ ಮಸೂರವೂ ಉಚಿತ. ಅವರು ನಂಬಲಿಲ್ಲ. "ಅಪ್ಪಗ ಎಪ್ಪತ್ತೆಂಟು ಆತ್ರಿ, ಈ ವಯಸ್ಸಿನ್ಯಾಗ ಕಣ್ಣಿಗಿ ಕತ್ತರಿ ಯಾಕ" ಎಂದರು. ಟಿ.ವಿ.ಗೆ ನಲವತ್ತು ಸಾವಿರ ತೆಗೆದಿಟ್ಟ ಮನೆ ಅದು, ಬಡತನದ ಮಾತಲ್ಲ. ಅಜ್ಜನಿಗೆ ಕಾಣದಿರುವುದು ವಯಸ್ಸಿನ ಹಕ್ಕು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಸ್ವತಃ ಅಜ್ಜನೂ. ಬಚ್ಚಲಿನ ಮೆಟ್ಟಿಲು ಕಾಣದೆ ಎರಡು ಸಲ ಬಿದ್ದದ್ದು ಮೊಣಕಾಲು ನೋವಿನ ಮೂಲವೆಂದು ಆಮೇಲೆ ತಿಳಿಯಿತು.

ಬಹಳ ಹೇಳಿದ ಮೇಲೆ ಕರೆದುಕೊಂಡು ಹೋದರು. ಮೊದಲು ಬಲಗಣ್ಣು, ಎರಡು ತಿಂಗಳ ಬಳಿಕ ಎಡಗಣ್ಣು. ಮನೆಯಲ್ಲಿದ್ದ 32 ಇಂಚಿನ ಟಿ.ವಿ.ಯನ್ನು ತೊಲೆಯಿಂದ ಇಳಿಸಿ ಕೆಳಗೆ ಬಿಗಿದಿದ್ದಾರೆ. ಹೊಸದನ್ನು ಇನ್ನೂ ತಂದಿಲ್ಲ. ಮೊನ್ನೆ ಮಗ ಬಂದಾಗ ಅಜ್ಜನ ಸುದ್ದಿ ವಿಚಾರಿಸಿದೆ. ನಕ್ಕರು. "ಈಗ ಬ್ಯಾರೆ ತಕರಾರ್ರಿ. ದಿನಾ ಸಂಜಿಕ ಟಿ.ವಿ. ಹಚ್ಚಿದ ಕೂಡ್ಲೆ, ಬಣ್ಣ ಭಾಳ ಆಗ್ಯಾವ, ಕಡಿಮಿ ಮಾಡೋ ಅಂತಾನ."